ಮಲೆನಾಡಿಗೆ ಯಾವ ಫೋನ್? ಮೊದಲು ಟವರ್ ನೋಡಿ, ಆಮೇಲೆ ಕ್ಯಾಮೆರಾ

ನಮಸ್ಕಾರ. 15ರಿಂದ 25 ಸಾವಿರದೊಳಗೆ ಒಂದು ಫೋನ್ ತಗೋಬೇಕು, ಎರಡು ಮೂರು ಮಾಡೆಲ್ ನೋಡಿಟ್ಟಿದ್ದೀವಿ, ಅದರಲ್ಲಿ ಯಾವುದು ಅಂತ ಕೇಳೋರಿಗಾಗಿ ಈ ವ್ಲಾಗ್. ಸಾಮಾನ್ಯವಾಗಿ ರಿವ್ಯೂಗಳಲ್ಲಿ ಮೊದಲು ಪ್ರೊಸೆಸರ್ ಬರುತ್ತೆ, ಆಮೇಲೆ ಕ್ಯಾಮೆರಾ. ಮೂಡಿಗೆರೆ, ಕಳಸ, ಕೊಪ್ಪ, ಆ ಕಡೆ ಸಕಲೇಶಪುರದವರಿಗೆ ಈ ಕ್ರಮ ಆಗಿ ಬರಲ್ಲ. ಇಲ್ಲಿ ಮೊದಲು ಟವರ್, ಆಮೇಲೆ ಬ್ಯಾಟರಿ, ಆಮೇಲೆ ಮಳೆ. ಈ ಮೂರರಲ್ಲಿ ಪಾಸಾದ ಫೋನ್‌ಗಳಲ್ಲಿ ಮಾತ್ರ ಮಿಕ್ಕಿದ್ದನ್ನ ಹೋಲಿಸಿ ನೋಡೋಣ.

ಟವರ್ ವಿಷಯದಲ್ಲಿ ಸ್ಕ್ರೀನ್ ಮೇಲೆ ಕಾಣೋ ಕಡ್ಡಿಗಳನ್ನ ನಂಬಬೇಡಿ. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ತೋರಿಸಬೇಕು ಅನ್ನೋದು ಆಯಾ ಕಂಪನಿಯ ಲೆಕ್ಕ. ಒಂದೇ ಜಗಲಿ ಮೇಲೆ ಇಟ್ಟ ಎರಡು ಫೋನ್ ಬೇರೆ ಬೇರೆ ಕಡ್ಡಿ ತೋರಿಸಬಹುದು. ನಂಬಬೇಕಾದ್ದು ಸಿಗ್ನಲ್‌ನ ಬಲ ಅಳೆಯೋ ಡಿಬಿಎಂ (dBm) ಅನ್ನೋ ಅಂಕಿಯನ್ನ. ಆಂಡ್ರಾಯ್ಡ್ ಫೋನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ, ಅಬೌಟ್ ಫೋನ್ ತೆಗೆದು, ಸಿಮ್ ಸ್ಟೇಟಸ್ ನೋಡಿ. ಅಲ್ಲಿ ಸಿಗ್ನಲ್ ಸ್ಟ್ರೆಂತ್ ಅಂತ ಇರುತ್ತೆ. ಕಾಣಿಸದಿದ್ದರೆ ಡಯಲ್ ಪ್ಯಾಡಲ್ಲಿ *#*#4636#*#* ಒತ್ತಿ, ಹಲವು ಫೋನ್‌ಗಳಲ್ಲಿ ತೆರೆದುಕೊಳ್ಳುತ್ತೆ.

ಈ ಅಂಕಿ ಯಾವಾಗಲೂ ಮೈನಸ್‌ನಲ್ಲೇ ಇರುತ್ತೆ. ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೇದು. 4ಜಿಯಲ್ಲಿ ಮೈನಸ್ 90 ಇದ್ದರೆ ಚೆನ್ನಾಗಿದೆ. ಮೈನಸ್ 110ರ ಹತ್ತಿರ ಬಂತು ಅಂದರೆ ಮಾತು ಕಡಿದು ಕಡಿದು ಬರೋಕೆ ಶುರುವಾಗುತ್ತೆ. ಮೈನಸ್ 120 ದಾಟಿದರೆ ಫೋನ್ ಇದ್ದೂ ಇಲ್ಲದ ಹಾಗೆ. ಅಂಕಿ 10 ಇಳಿದರೆ ಸಿಗ್ನಲ್‌ನ ಬಲ ಹತ್ತರಲ್ಲಿ ಒಂದು ಪಾಲಾಗುತ್ತೆ, ಹಾಗಾಗಿ 100ಕ್ಕೂ 110ಕ್ಕೂ ವ್ಯತ್ಯಾಸ ಸಣ್ಣದಲ್ಲ. ಅಂಗಳ, ಮಲಗೋ ಕೋಣೆ, ಕಾಫಿ ಒಣಗಿಸೋ ಕಣ, ತೋಟದ ತಗ್ಗು, ಈ ನಾಲ್ಕೂ ಕಡೆ ನೋಡಿ ಬರೆದಿಟ್ಟುಕೊಳ್ಳಿ. ಬೇರೆ ಕಂಪನಿ ಸಿಮ್ ಇರೋ ಪಕ್ಕದ ಮನೆಯವರ ಫೋನಲ್ಲೂ ನೋಡಿಸಿ. ಎಷ್ಟೋ ಸಲ ಬದಲಾಯಿಸಬೇಕಾಗಿರೋದು ಫೋನ್ ಅಲ್ಲ, ಸಿಮ್ಮು ಅಂತ ಇಲ್ಲೇ ಗೊತ್ತಾಗುತ್ತೆ.

ಸಿಮ್ ಗಟ್ಟಿಯಾದ ಮೇಲೆ, ಆ ಸಿಮ್‌ನ ಬ್ಯಾಂಡ್, ಅಂದರೆ ಅದರ ಸಿಗ್ನಲ್ ಬರೋ ಫ್ರೀಕ್ವೆನ್ಸಿ, ನೀವು ನೋಡಿಟ್ಟ ಫೋನಲ್ಲಿ ಇದೆಯಾ ಅಂತ ಕಂಪನಿಯ ವೆಬ್‌ಸೈಟಲ್ಲಿ ನೋಡಿ. ಗುಡ್ಡ ಮತ್ತು ಮರಗಳ ನಡುವೆ ಕಡಿಮೆ ಫ್ರೀಕ್ವೆನ್ಸಿಯ ಸಿಗ್ನಲ್ಲೇ ದೂರ ಬರೋದು. ಬಿಎಸ್ಎನ್ಎಲ್ 4ಜಿಗೆ ಅದು 700 ಮೆಗಾಹರ್ಟ್ಜ್, ಅಂದರೆ ಬ್ಯಾಂಡ್ 28. ಜಿಯೋ 4ಜಿಗೆ 850, ಅಂದರೆ ಬ್ಯಾಂಡ್ 5. ಏರ್‌ಟೆಲ್‌ಗೆ 900, ಅಂದರೆ ಬ್ಯಾಂಡ್ 8. ಹಳೆಯ ಕೆಲವು 4ಜಿ ಫೋನ್‌ಗಳಲ್ಲಿ ಬ್ಯಾಂಡ್ 28 ಇಲ್ಲ. ಬಿಎಸ್ಎನ್ಎಲ್ ಟವರ್ ಎದುರಿಗೇ ಇದ್ದರೂ ಆ ಬ್ಯಾಂಡಲ್ಲಿ ಬರೋ 4ಜಿ ಅಂಥ ಫೋನ್‌ಗೆ ಕಾಣಿಸೋದೇ ಇಲ್ಲ. ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಇದನ್ನ ಮರೀಬೇಡಿ. 5ಜಿಯಲ್ಲೂ ಒಂದು ತೊಡಕಿದೆ. ಜಿಯೋದ್ದು ಎಸ್ಎ (SA) ಅನ್ನೋ ಪದ್ಧತಿ, ಅಂದರೆ 4ಜಿಯ ಆಸರೆ ಇಲ್ಲದೆ ನಡೆಯೋ 5ಜಿ. ಏರ್‌ಟೆಲ್ ಶುರು ಮಾಡಿದ್ದು 4ಜಿಯ ಆಸರೆಯಲ್ಲಿ ನಡೆಯೋ ಎನ್ಎಸ್ಎ (NSA) ಪದ್ಧತಿಯಲ್ಲಿ. ತೀರಾ ಅಗ್ಗದ ಕೆಲವು 5ಜಿ ಫೋನ್‌ಗಳಲ್ಲಿ ಎಸ್ಎ ಮಾತ್ರ ಇರುತ್ತೆ. ಏರ್‌ಟೆಲ್ ಸಿಮ್ ಇರೋರು ಎರಡೂ ಇರೋದನ್ನೇ ನೋಡಿ.

ಮನೆಗೆ ಫೈಬರ್ ಇಂಟರ್ನೆಟ್ ಬಂದಿದೆ, ಆದರೆ ಒಳಗೆ ಟವರ್ ಇಲ್ಲ ಅನ್ನೋರಿಗೆ ವೈಫೈ ಕಾಲಿಂಗ್, ಅಂದರೆ ಟವರ್ ಬದಲು ಮನೆಯ ವೈಫೈ ಮೂಲಕ ಹೋಗೋ ಕಾಲ್, ದೊಡ್ಡ ಆಸರೆ. ಜಿಯೋ, ಏರ್‌ಟೆಲ್ ಎರಡರಲ್ಲೂ ಇದೆ, ಪ್ರತ್ಯೇಕ ಚಾರ್ಜ್ ಇಲ್ಲ, ಫೈಬರ್ ಯಾರದ್ದಾದರೂ ನಡೆಯುತ್ತೆ. ಆದರೆ ಫೋನ್ ಮಾಡೆಲ್ ಅದಕ್ಕೆ ಹೊಂದಬೇಕು. ಮೊದಲೇ ವಿಚಾರಿಸಿ. ಆನ್ ಮಾಡಿದ ಮೇಲೆ ಅಲ್ಲೇ ವೈಫೈಗೆ ಆದ್ಯತೆ ಕೊಡೋ ಆಯ್ಕೆ ಇದ್ದರೆ ಅದನ್ನೂ ಒತ್ತಿ. ಇಲ್ಲದಿದ್ದರೆ ಫೋನ್ ಆ ಅರ್ಧ ಕಡ್ಡಿ ಸಿಗ್ನಲ್‌ಗೇ ಜೋತುಬಿದ್ದು ಕಾಲ್ ಕಟ್ ಮಾಡುತ್ತೆ.

ಈಗ ಬ್ಯಾಟರಿ. ತೋಟದಲ್ಲಿ ಬ್ಯಾಟರಿ ಬೇಗ ಇಳಿಯೋದಕ್ಕೆ ಬ್ಯಾಟರಿಯೇ ಕಾರಣ ಅಂತ ತುಂಬಾ ಜನ ಅಂದುಕೊಳ್ತಾರೆ. ಸಿಗ್ನಲ್ ದುರ್ಬಲ ಇದ್ದಾಗ ಟವರನ್ನ ಮುಟ್ಟೋಕೆ ಫೋನ್ ಹೆಚ್ಚು ಪವರ್ ಹಾಕಿ ಕೂಗಬೇಕು, 5ಜಿಗೂ 4ಜಿಗೂ ನಡುವೆ ಹತ್ತಿ ಇಳಿದು ಮಾಡ್ತಾನೇ ಇರಬೇಕು. ಜೇಬಲ್ಲಿ ಸುಮ್ಮನೆ ಇದ್ದರೂ ಬಿಸಿಯಾಗೋದು ಇದೇ ಕಾರಣಕ್ಕೆ. ನೆಟ್‌ವರ್ಕ್ ಮೋಡನ್ನ 4ಜಿಗೆ ನಿಲ್ಲಿಸಿ, ಟವರೇ ಇಲ್ಲದ ಕಡೆ ಏರೋಪ್ಲೇನ್ ಮೋಡ್ ಹಾಕಿ. ಇರೋ ಫೋನೇ ಸಂಜೆ ತನಕ ಬರಬಹುದು. ಹೊಸದು ತಗೊಳ್ಳೋದಾದರೆ ಈ ಬೆಲೆಯಲ್ಲೇ ಈಗ 6000, 7000 ಎಂಎಎಚ್ ಬ್ಯಾಟರಿಗಳು ಸಿಗ್ತಿವೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗೋ ಊರಿಗೆ ಅದಕ್ಕಿಂತ ಕಡಿಮೆ ಬೇಡ ಅನ್ನೋದು ನನ್ನ ಖಚಿತ ಅಭಿಪ್ರಾಯ.

80 ವ್ಯಾಟ್, 100 ವ್ಯಾಟ್ ಚಾರ್ಜಿಂಗ್ ಅಂತ ಬಾಕ್ಸ್ ಮೇಲೆ ದೊಡ್ಡದಾಗಿ ಬರೆದಿರುತ್ತೆ. ಸಾಮಾನ್ಯವಾಗಿ ಅದು ಆ ಕಂಪನಿಯದ್ದೇ ಚಾರ್ಜರ್, ಅದರದ್ದೇ ಕೇಬಲ್ ಇದ್ದಾಗಿನ ಮಾತು. ಪವರ್ ಬ್ಯಾಂಕ್ ಹಾಕಿದರೆ ಎಷ್ಟೋ ಫೋನ್‌ಗಳು 20 ವ್ಯಾಟ್ ಆಸುಪಾಸಿಗೆ ಇಳಿಯುತ್ತವೆ. ಕರೆಂಟ್ ಇಲ್ಲದ ದಿನ ನಿಮ್ಮ ಕೈಗೆ ಸಿಗೋದು ಪವರ್ ಬ್ಯಾಂಕ್ ಅಥವಾ ಜೀಪಿನ ಚಾರ್ಜರ್. ಹಾಗಾಗಿ ಪಿಡಿ (PD) ಮತ್ತು ಪಿಪಿಎಸ್ (PPS) ಅನ್ನೋ, ಬೇರೆ ಬೇರೆ ಕಂಪನಿಗಳ ಚಾರ್ಜರ್‌ಗೂ ಹೊಂದೋ ಪದ್ಧತಿಯಲ್ಲಿ ಎಷ್ಟು ವ್ಯಾಟ್ ತಗೊಳ್ಳುತ್ತೆ ಅಂತ ಕೇಳಿ. ಗುಡುಗು ಸಿಡಿಲು ಇದ್ದಾಗ ಚಾರ್ಜರನ್ನ ಸಾಕೆಟ್ಟಿಂದ ಕಿತ್ತೇ ಬಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು.

ಮಳೆ ಬಗ್ಗೆ ಸ್ವಲ್ಪ ವಿವರವಾಗಿ ಹೇಳ್ತೀನಿ. ಐಪಿ (IP) ಅನ್ನೋದು ಫೋನ್ ಧೂಳು, ನೀರು ಎಷ್ಟು ತಡೆಯುತ್ತೆ ಅನ್ನೋದರ ಗುರುತು. ಐಪಿ54 ಅಂದರೆ ನೀರು ಎರಚಿದರೆ ತಡೆಯುತ್ತೆ, ಅಷ್ಟೇ. ಐಪಿ67 ಅಂದರೆ 1 ಮೀಟರ್ ನೀರಲ್ಲಿ 30 ನಿಮಿಷ. ಐಪಿ68 ಅದಕ್ಕಿಂತ ಆಳ, ಎಷ್ಟು ಅನ್ನೋದನ್ನ ಕಂಪನಿ ಹೇಳಬೇಕು. ಐಪಿ69 ಅಂದರೆ ಜೋರಾಗಿ ಹೊಡೆಯೋ ಬಿಸಿನೀರಿನ ಪರೀಕ್ಷೆ. ಇವೆಲ್ಲ ಹೊಸ ಫೋನ್‌ಗೆ, ಶುದ್ಧ ನೀರಲ್ಲಿ ಮಾಡಿದ ಪರೀಕ್ಷೆ. ಒಂದು ಸಲ ಕೈಜಾರಿ ಬಿದ್ದು ಫ್ರೇಮ್ ಬಾಗಿದರೆ, ಅಥವಾ ಹೊರಗಿನ ಅಂಗಡೀಲಿ ಡಿಸ್‌ಪ್ಲೇ ಬದಲಾಯಿಸಿದರೆ, ಒಳಗಿನ ಅಂಟು ಮೊದಲಿನ ಹಾಗೆ ಇರಲ್ಲ. ನೀರು ಹೊಕ್ಕರೆ ಸಾಮಾನ್ಯವಾಗಿ ವಾರಂಟಿ ಸಿಗಲ್ಲ, ಐಪಿ68 ಇದ್ದರೂ ಅಷ್ಟೇ.

ಇಲ್ಲಿ ಹತ್ತಿರದಿಂದ ನೋಡಿ, ಇದು ಟೈಪ್-ಸಿ ಪೋರ್ಟ್. ನಡುವಿನ ತೆಳು ನಾಲಿಗೆಯ ಎರಡೂ ಬದಿ 12ರಂತೆ 24 ಪಿನ್ ಇರುತ್ತವೆ. ಮಳೆಯಲ್ಲಿ ನೆನೆದ ಫೋನನ್ನ ಹಾಗೇ ಚಾರ್ಜಿಗೆ ಹಾಕಿದರೆ ನೀರಿನ ಮೂಲಕ ಕರೆಂಟ್ ಹರಿದು ಈ ಪಿನ್‌ಗಳು ಹಸಿರಾಗಿ, ಆಮೇಲೆ ಕಪ್ಪಾಗಿ ತಿಂದುಹೋಗ್ತವೆ. ಮೊದಲು ಫಾಸ್ಟ್ ಚಾರ್ಜಿಂಗ್ ಹೋಗುತ್ತೆ, ಆಮೇಲೆ ಕೇಬಲ್ ಒಂದು ಬದಿ ಹಾಕಿದರೆ ಮಾತ್ರ ಚಾರ್ಜ್ ಆಗುತ್ತೆ, ಕೊನೆಗೆ ಅದೂ ಇಲ್ಲ. ಫೋನ್ ನೆನೆದರೆ ಪೋರ್ಟ್ ಕೆಳಮುಖ ಮಾಡಿ ಮೆಲ್ಲಗೆ ತಟ್ಟಿ, ಫ್ಯಾನಿನ ಗಾಳಿಗೆ ಇಡಿ. ಅಕ್ಕಿ ಡಬ್ಬಿಗೆ ಹಾಕಬೇಡಿ, ಅಕ್ಕಿಯ ಧೂಳು ಹೋಗಿ ಪೋರ್ಟಲ್ಲಿ ಕೂರುತ್ತೆ. ಒಲೆ ಹತ್ತಿರವೂ ಬೇಡ.

ಫೋನ್ ಲಾಕ್ ತೆಗೆಯೋ ಬೆರಳಚ್ಚಿನದ್ದೂ ಒಂದು ಪಾಡು. ಕಾಫಿ ಕೊಯ್ದು, ಅಡಿಕೆ ಸುಲಿದು ಬೆರಳು ಒರಟಾದವರಿಗೆ ಡಿಸ್‌ಪ್ಲೇ ಒಳಗಿನ ಆಪ್ಟಿಕಲ್ ಸೆನ್ಸರ್ ಆಗಾಗ ಕೈಕೊಡುತ್ತೆ. ಅಂಗಡೀಲೇ ಫೋನ್ ಬಳಸೋರ ಬೆರಳನ್ನೇ ಹಾಕಿಸಿ ನೋಡಿ, ನಿಮ್ಮ ಬೆರಳನ್ನಲ್ಲ. ಎರಡು ಬೆರಳು ಸೇರಿಸಿ, ಒಂದೇ ಬೆರಳನ್ನ ಎರಡು ಸಲ ಸೇರಿಸಿದರೆ ಇನ್ನೂ ಒಳ್ಳೇದು.

ಕ್ಯಾಮೆರಾ ಹೇಳೋದಾದರೆ, ಮೆಗಾಪಿಕ್ಸೆಲ್ ಬಿಡಿ. 2 ಮೆಗಾಪಿಕ್ಸೆಲ್ ಮ್ಯಾಕ್ರೋ ಅಂತ ಒಂದು ಲೆನ್ಸ್ ಕೊಟ್ಟಿರ್ತಾರೆ, ಅದರಿಂದ ಪ್ರಯೋಜನ ಇಲ್ಲ. ಕಾಫಿ ಎಲೆಯ ಕೆಳಗಡೆ ಕಿತ್ತಳೆ ಬಣ್ಣದ ಪುಡಿ ಕೂತಿದೆ, ತುಕ್ಕು ರೋಗ ಹೌದಾ ಅಂತ ತಿಳಿದವರಿಗೆ ಕಳಿಸಬೇಕು ಅಂದರೆ ಬೇಕಾದ್ದು ಸರಿಯಾದ ಫೋಕಸ್. ಹಾಗೆ ಕಳಿಸುವಾಗ ಎಲೆ ಮೂತಿಗೇ ಫೋನ್ ಒಯ್ಯಬೇಡಿ. ಒಂದು ಗೇಣು ದೂರ ಹಿಡಿದು 2ಎಕ್ಸ್ ಜೂಮ್ ಮಾಡಿ, ಎಲೆ ಮೇಲೆ ಬೆರಳು ಒತ್ತಿ ಫೋಕಸ್ ಕೂರಿಸಿ. ವಾಟ್ಸಾಪಲ್ಲಿ ಫೋಟೋ ಬದಲು ಡಾಕ್ಯುಮೆಂಟ್ ಅಂತ ಕಳಿಸಿದರೆ ಚಿತ್ರ ಕುಗ್ಗಲ್ಲ. ಅಂಗಡೀಲಿ ಪರೀಕ್ಷೆ ಮಾಡೋಕೆ ಹತ್ತು ರೂಪಾಯಿ ನೋಟು ಸಾಕು. ಅದರ ಸಣ್ಣ ಅಕ್ಷರ ಎರಡು ಫೋನಲ್ಲೂ ತೆಗೆದು ಹಿಗ್ಗಿಸಿ ನೋಡಿ. ತೋಟದ ನೆರಳಲ್ಲಿ ಕೈ ಅಲುಗಿ ಚಿತ್ರ ಮಸುಕಾಗೋದನ್ನ ತಡೆಯೋಕೆ ಒಐಎಸ್ ಇರಬೇಕು. ಹೋಂಸ್ಟೇ ನಡೆಸೋರಿಗೂ ಅದೇ ಮುಖ್ಯ, ಜೊತೆಗೆ ಕೋಣೆಯ ಫೋಟೋಗೆ ಅಲ್ಟ್ರಾವೈಡ್ ಲೆನ್ಸ್.

ದಿಶಾಂಕ್ ಆಪಲ್ಲಿ ಸರ್ವೆ ನಂಬರ್ ನೋಡೋರು, ಬೆಳೆ ಸಮೀಕ್ಷೆ ತಾವೇ ಮಾಡೋರು ಜಿಪಿಎಸ್ ಕಡೆ ಗಮನ ಕೊಡಿ. ಉಪಗ್ರಹದ ಎಲ್1 (L1) ಸಿಗ್ನಲ್ ಜೊತೆ ಎಲ್5 (L5) ಅನ್ನೋ ಎರಡನೇ ಸಿಗ್ನಲನ್ನೂ ಹಿಡಿಯೋ ಫೋನ್ ದಟ್ಟ ಮರಗಳಡಿಯಲ್ಲಿ ಕಡಿಮೆ ಜಿಗಿದಾಡುತ್ತೆ. ಹಾಗಂತ ಫೋನ್ ತೋರಿಸಿದ ಗೆರೆ ಹಿಡಿದು ಬೇಲಿ ಹಾಕಬೇಡಿ, ಕೆಲವು ಮೀಟರ್ ಆಚೀಚೆ ಇದ್ದೇ ಇರುತ್ತೆ. ಅಗ್ಗದ ಕೆಲವು ಫೋನ್‌ಗಳಲ್ಲಿ ದಿಕ್ಸೂಚಿ ಸೆನ್ಸರನ್ನೇ ಹಾಕಿರಲ್ಲ. ನಿಂತಲ್ಲೇ ತಿರುಗಿ, ಮ್ಯಾಪಿನ ಬಾಣ ತಿರುಗದಿದ್ದರೆ ಅದೇ ಗುರುತು.

ಇನ್ನು ಹೋಲಿಕೆ. ಒಂದೇ ಬೆಲೆಗೆ ಒಂದು ಫೋನಲ್ಲಿ 7000 ಎಂಎಎಚ್, ಐಪಿ69. ಇನ್ನೊಂದರಲ್ಲಿ 5000, ಆದರೆ ಒಐಎಸ್ ಕ್ಯಾಮೆರಾ, 6 ವರ್ಷ ಅಪ್‌ಡೇಟ್. ತೋಟದ ಕೆಲಸ, ಲೆಕ್ಕ ನೋಡೋ ರೈಟರ್‌ಗೆ, ದಿನವಿಡೀ ಹೊರಗೆ ಓಡಾಡೋರಿಗೆ ಮೊದಲನೇದು, ಯೋಚನೆಯೇ ಬೇಡ. ಹಾಸನದಲ್ಲಿ ಹಾಸ್ಟೆಲಲ್ಲಿದ್ದು ಓದೋ ಮಕ್ಕಳಿಗೆ ಎರಡನೇದು. ಪ್ಲಗ್ ಹತ್ತಿರ ಇರುತ್ತೆ, ಫೋನ್ ನಾಲ್ಕೈದು ವರ್ಷ ಬಾಳಬೇಕು. ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ16ಕ್ಕೇ 6 ವರ್ಷದ ಅಪ್‌ಡೇಟ್ ಘೋಷಿಸಿದೆ, ಹಾಗಾಗಿ ದುಬಾರಿ ಫೋನಲ್ಲಿ ಮಾತ್ರ ಇದು ಸಿಗೋದು ಅಂತಿಲ್ಲ. 8 ಜಿಬಿ ರ್‍ಯಾಮ್, 256 ಜಿಬಿ ಸ್ಟೋರೇಜ್ ಇರಲಿ. 8 ಪ್ಲಸ್ 8 ಅಂತ ಬರೆದಿದ್ದರೆ ಎರಡನೇ 8 ಸ್ಟೋರೇಜಿಂದ ಕಡ ತಂದದ್ದು, ಲೆಕ್ಕಕ್ಕೆ ಹಿಡಿಯಬೇಡಿ. ಮನೇಲಿರೋ ಅಪ್ಪ ಅಮ್ಮನಿಗೆ ಜೋರಾದ ಸ್ಪೀಕರ್, ಬಾಗದ ಸಪಾಟು ಡಿಸ್‌ಪ್ಲೇ, ದೊಡ್ಡ ಅಕ್ಷರ ಸಾಕು.

ದುಡ್ಡು ಕೊಡೋ ಮೊದಲು ಎರಡು ವಿಚಾರಣೆ. ಆ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್ ಚಿಕ್ಕಮಗಳೂರಲ್ಲೋ ಹಾಸನದಲ್ಲೋ ಇದೆಯಾ, ಡಿಸ್‌ಪ್ಲೇ ಹೋದರೆ ಎಷ್ಟಾಗುತ್ತೆ. ಅಮೋಲೆಡ್ ಡಿಸ್‌ಪ್ಲೇ ಬದಲಾಯಿಸೋ ಖರ್ಚು ಕೇಳಿದ ಮೇಲೆ ಮನಸ್ಸು ಬದಲಾಯಿಸಿದರೂ ತಪ್ಪಿಲ್ಲ. ಹಳೇ ಫೋನ್ ಕೊಳ್ಳೋದಾದರೆ *#06# ಒತ್ತಿ ಐಎಂಇಐ (ಪ್ರತಿ ಫೋನ್‌ಗೂ ಬೇರೆ ಬೇರೆ ಇರೋ ಗುರುತಿನ) ನಂಬರ್ ತೆಗೆದು, ಇಂಗ್ಲಿಷ್ ಅಕ್ಷರದಲ್ಲಿ ಕೆವೈಎಂ (KYM) ಅಂತ ಬರೆದು, ಜಾಗ ಬಿಟ್ಟು ಆ 15 ಅಂಕಿ ಸೇರಿಸಿ 14422ಕ್ಕೆ ಮೆಸೇಜ್ ಮಾಡಿ. ಕಳವಿನದ್ದು ಅಂತ ಬ್ಲಾಕ್ ಆಗಿದ್ದರೆ ಉತ್ತರದಲ್ಲೇ ತಿಳಿಯುತ್ತೆ. ಹೊಸದಕ್ಕೆ ಜಿಎಸ್‌ಟಿ ಬಿಲ್ ತಗೊಳ್ಳಿ, ಬಿಲ್ಲಲ್ಲಿರೋ ಐಎಂಇಐ, ಬಾಕ್ಸ್ ಮೇಲಿರೋದು, ಫೋನ್ ತೋರಿಸೋದು ಮೂರೂ ಒಂದೇನಾ ಅಂತ ಅಂಗಡೀಲೇ ಓದಿಸಿ ನೋಡಿ. ಒಂದು ಅಂಕಿ ತಪ್ಪಿದ್ದರೂ ಅಲ್ಲೇ ಬಿಲ್ ತಿದ್ದಿಸಿಕೊಳ್ಳಿ, ಆಮೇಲೆ ವಾರಂಟಿ ಕೇಳೋಕೆ ಹೋದಾಗ ಅದೇ ಒಂದು ಅಂಕಿಗೆ ವಾಪಸ್ ಕಳಿಸ್ತಾರೆ.