ಪಕ್ಕದಲ್ಲಿ ನಿಂತು ನುಡಿಸಿದ 25 ವರ್ಷ: ಬ್ಯಾಂಡ್ ಬಿಟ್ಟ ಮೇಲಿನ ಜಾನಿ ಮಾರ್

ಎಲ್ರಿಗೂ ನಮಸ್ಕಾರ. ಇವತ್ತಿನ ವಿಷ್ಯ ಇಂಗ್ಲೆಂಡಿನ ಗಿಟಾರಿಸ್ಟ್ ಜಾನಿ ಮಾರ್, ಅದ್ರಲ್ಲೂ ದಿ ಸ್ಮಿತ್ಸ್ ಅನ್ನೋ ರಾಕ್ ಬ್ಯಾಂಡಿಂದ ಹೊರಗೆ ಬಂದ ಮೇಲೆ ಅವ್ನು ಏನೇನ್ ಮಾಡ್ದ ಅನ್ನೋದು. ಸ್ಮಿತ್ಸ್ ಬಗ್ಗೆ ಮಾತಾಡೋರು ಬೇಕಾದಷ್ಟು ಜನ ಇದಾರೆ, ಪುಸ್ತಕಗಳೂ ರಾಶಿ ಬಿದ್ದಿವೆ, ಆದ್ರೆ ಆಮೇಲಿನ ಕಥೆಗೆ ಬಂದ್ರೆ ಎಲ್ರೂ ಎರಡು ಸಾಲಲ್ಲಿ ಮುಗಿಸಿಬಿಡ್ತಾರೆ, "ಆಮೇಲೆ ಯಾರ್ಯಾರಿಗೋ ನುಡಿಸ್ಕೊಂಡಿದ್ದ" ಅಂತ. ನನಗೆ ಈ ಮಾತು ಕೇಳಿದಾಗೆಲ್ಲ ತುಂಬ ಬೇಜಾರಾಗುತ್ತೆ. ಯಾಕಂದ್ರೆ ಆ "ಯಾರ್ಯಾರಿಗೋ ನುಡಿಸಿದ" ವರ್ಷಗಳಲ್ಲೇ ಅವ್ನ ಅರ್ಧಕ್ಕಿಂತ ಹೆಚ್ಚು ಸಂಗೀತ ಇದೆ.

ಗೊತ್ತಿಲ್ದೋರಿಗೆ ಸ್ವಲ್ಪ ಹಿನ್ನೆಲೆ ಹೇಳ್ತೀನಿ. ಮಾರ್ ಹುಟ್ಟಿದ್ದು 1963ರಲ್ಲಿ, ಮ್ಯಾಂಚೆಸ್ಟರಿನ ಆರ್ಡ್ವಿಕ್ ಅನ್ನೋ ಏರಿಯಾದಲ್ಲಿ, ಅಪ್ಪ ಅಮ್ಮ ಐರ್ಲೆಂಡಿಂದ ಬಂದೋರು. 1982ರಲ್ಲಿ ಹಾಡುಗಾರ ಮಾರಿಸ್ಸಿ ಜೊತೆ ಸೇರಿ ಸ್ಮಿತ್ಸ್ ಕಟ್ಟಿದ. ಐದು ವರ್ಷ, ನಾಲ್ಕು ಸ್ಟುಡಿಯೋ ಆಲ್ಬಂ, ಅದ್ರ ಜೊತೆಗೆ ಕಂತೆಗಟ್ಲೆ ಸಿಂಗಲ್ಸು. ಟ್ಯೂನೆಲ್ಲ ಇವ್ನದು, ಸಾಹಿತ್ಯ ಅವ್ನದು. ಖಾಯಂ ಮ್ಯಾನೇಜರ್ ಅಂತ ಯಾರೂ ನಿಲ್ತಿರ್ಲಿಲ್ಲ, ಹಾಗಾಗಿ ಬ್ಯಾಂಡಿನ ವ್ಯವಹಾರದ ಭಾರ ಕೂಡ ಬಹಳಷ್ಟು ಇವ್ನ ತಲೆ ಮೇಲೇ ಬೀಳ್ತಿತ್ತು. ಸುಸ್ತಾಗಿ ಹೋಗಿದ್ದ. 1987ರಲ್ಲಿ, ಕೊನೇ ಆಲ್ಬಂ ಅಂಗಡಿಗೆ ಬರೋಕೂ ಮುಂಚೆ, ಬಿಟ್ಟು ಹೊರಟ. ಆಗ ಅವ್ನ ವಯಸ್ಸು 23! ನಮ್ಮಲ್ಲಿ ಆ ವಯಸ್ಸಿಗೆ ಹುಡುಗ್ರು ಡಿಗ್ರಿ ಮುಗಿಸಿ ಕೆಲಸ ಹುಡುಕ್ತಿರ್ತಾರೆ, ಇವ್ನು ಆಗ್ಲೇ ಇಡೀ ಒಂದು ತಲೆಮಾರಿನ ಇಂಗ್ಲೆಂಡ್ ಹುಡುಗ್ರಿಗೆ ಪ್ರಾಣ ಆಗಿದ್ದ ಬ್ಯಾಂಡನ್ನ ಕಟ್ಟಿ, ಬಿಟ್ಟೂ ಆಗಿತ್ತು. ಅಭಿಮಾನಿಗಳು ಬಯ್ಯೋದು ಬಯ್ದ್ರು.

ಇಲ್ಲಿ ಒಂದು ವಿಷ್ಯ ಗಮನಿಸಿ. ಅಷ್ಟು ಹೆಸರು ಮಾಡಿದ ಗಿಟಾರಿಸ್ಟ್ ಹೊರಗೆ ಬಂದ್ರೆ ಮೊದ್ಲು ಮಾಡೋ ಕೆಲಸ ಏನು, ತನ್ನೊಬ್ಬನ ಹೆಸರಲ್ಲಿ ಒಂದು ಆಲ್ಬಂ. ಇವ್ನು ಅದನ್ನ ಮಾಡಿದ್ದು 2013ರಲ್ಲಿ. ಅಲ್ಲೀತನಕ ಹೆಚ್ಚಾಗಿ ಬೇರೆಯವ್ರ ಹಾಡಿಗೆ, ಬೇರೆಯವ್ರ ಪಕ್ಕದಲ್ಲಿ ನಿಂತು ನುಡಿಸ್ದ. ನಾವು ಕಚೇರಿ ಕೇಳಿ ಬೆಳೆದ ಜನ, ಪಕ್ಕವಾದ್ಯ ಅಂದ್ರೆ ಏನು ಅಂತ ನಮಗೆ ಬಿಡಿಸಿ ಹೇಳ್ಬೇಕಾಗಿಲ್ಲ. ಹಾಡೋರ ಮನಸ್ಸು ಯಾವ ಕಡೆ ಹೋಗ್ತಿದೆ ಅಂತ ಕೇಳಿಸ್ಕೊಂಡು, ಅದಕ್ಕೆ ಎಷ್ಟು ಬೇಕೋ ಅಷ್ಟೇ ಕೊಡೋದು. ಮಾರ್ ಆ ಜಾತಿಯ ಸಂಗೀತಗಾರ, ಅದನ್ನ ಕೆಳಗಿನ ಸ್ಥಾನ ಅಂತ ಅವ್ನು ಯಾವತ್ತೂ ಅಂದ್ಕೊಂಡಂಗೆ ಕಾಣಲ್ಲ.

ಆ ಗುಣ ಸ್ಮಿತ್ಸ್ ಕಾಲದಲ್ಲೇ ಇತ್ತು. ರಾಕ್ ಗಿಟಾರ್ ಅಂದ್ರೆ ಸೋಲೋ, ಹಾಡಿನ ಮಧ್ಯೆ ಎರಡು ನಿಮಿಷ ಎಲ್ರೂ ನಿಲ್ಲಿಸಿ ಇವ್ನೊಬ್ನೇ ಮೆರೆಯೋದು, ಅನ್ನೋ ರೂಢಿ ಇತ್ತಲ್ಲ, ಮಾರ್ ಅದ್ರ ಹತ್ರಕ್ಕೇ ಹೋಗ್ತಿರ್ಲಿಲ್ಲ. ಅವ್ನ ಕೆಲಸ ಎಲ್ಲ ಪದರ ಪದರವಾಗಿ ಕಟ್ಟೋದು. 1984ರ "ಹೌ ಸೂನ್ ಈಸ್ ನೌ" ಹಾಡನ್ನೇ ತಗೊಳ್ಳಿ, ಶುರುವಿಂದ ಕೊನೇತನಕ ಒಂದು ನಡುಗೋ ಗಿಟಾರ್ ಸದ್ದು ಇದೆ, ಈಗಾದ್ರೆ ಅದನ್ನ ಸಾಫ್ಟ್‌ವೇರಲ್ಲಿ ಒಂದು ಕ್ಲಿಕ್ಕಿಗೆ ಮಾಡ್ಬಹುದು, ಆಗ ಅವ್ರು ರೆಕಾರ್ಡ್ ಮಾಡಿಟ್ಟಿದ್ದ ಗಿಟಾರನ್ನ ನಾಲ್ಕು ಫೆಂಡರ್ ಟ್ವಿನ್ ರಿವರ್ಬ್ ಆಂಪ್ಲಿಫೈಯರ್‌ಗಳಿಗೆ ಕಳಿಸಿ, ಎರಡರ ಟ್ರೆಮೊಲೋ ನಾಬನ್ನ, ಅಂದ್ರೆ ಸದ್ದನ್ನ ನಡುಗಿಸೋ ಗುಂಡಿನ, ಪ್ರೊಡ್ಯೂಸರ್ ಜಾನ್ ಪೋರ್ಟರ್, ಇನ್ನೆರಡರದ್ದನ್ನ ಮಾರ್ ಹಿಡ್ಕೊಂಡು, ಹಾಡಿನ ಲಯಕ್ಕೆ ಹೊಂದಿಸ್ತಾ ಕೂತಿದ್ರು. ಸ್ವಲ್ಪ ತಪ್ತು ಅಂದ್ರೆ ಟೇಪ್ ನಿಲ್ಸು, ಹಿಂದಕ್ಕೆ ಸುತ್ತು, ಮತ್ತೆ ಶುರು. ಒಂದೊಂದ್ಸಲ ಹತ್ತು ಸೆಕೆಂಡ್ ಮಾತ್ರ ಸಿಗ್ತಿತ್ತಂತೆ, ಆಮೇಲೆ ಮತ್ತೆ ತಾಳ ಜಾರೋದು. ಇಂಥ ತಾಳ್ಮೆ ಇರೋನು ಸ್ಟುಡಿಯೋದಲ್ಲಿ ಎಲ್ರಿಗೂ ಬೇಕಾಗ್ತಾನೆ.

ಬ್ಯಾಂಡ್ ಬಿಟ್ಟ ಕೂಡ್ಲೇ ಕರೆ ಬಂದಿದ್ದು ಟಾಕಿಂಗ್ ಹೆಡ್ಸ್ ಕಡೆಯಿಂದ. ನ್ಯೂಯಾರ್ಕಿನ ಬ್ಯಾಂಡ್, ಆದ್ರೆ "ನೇಕೆಡ್" ಅನ್ನೋ ಆ ಆಲ್ಬಂ ರೆಕಾರ್ಡ್ ಮಾಡಿದ್ದು ಪ್ಯಾರಿಸ್ಸಲ್ಲಿ, ಬಂದಿದ್ದು 1988ರಲ್ಲಿ, ಪ್ಯಾರಿಸ್ಸಲ್ಲಿದ್ದ ಆಫ್ರಿಕನ್ ಸಂಗೀತಗಾರ್ರೂ ಅದ್ರಲ್ಲಿ ಇದಾರೆ. ಅದ್ರ "ನಥಿಂಗ್ ಬಟ್ ಫ್ಲವರ್ಸ್" ಹಾಡಲ್ಲಿ ಮಾರ್ ನುಡಿಸಿರೋ ಗಿಟಾರ್ ಕೇಳಿ, ಸಣ್ಣ ಸಣ್ಣ ಸ್ವರಗಳು ಬಿಸಿಲಲ್ಲಿ ಮಿಣಮಿಣ ಅಂತ ಓಡಾಡ್ತವೆ, ಪಶ್ಚಿಮ ಆಫ್ರಿಕಾದ ಹೈಲೈಫ್ ಗಿಟಾರಿನ ಧಾಟಿ. ಮ್ಯಾಂಚೆಸ್ಟರಿನ ಮಳೆ, ಮೋಡ, ಬೇಸರ ಎಲ್ಲ ತುಂಬಿದ್ದ ಹಾಡುಗಳಿಂದ ಎದ್ದು ಬಂದ ಅದೇ ಕೈ ಇದು, ಅಂದ್ರೆ ನಂಬೋಕಾಗಲ್ಲ. ಆ ಆಲ್ಬಂನ ಪ್ರೊಡ್ಯೂಸರ್ ಸ್ಟೀವ್ ಲಿಲಿವೈಟ್, ಆಗ ಅವ್ರ ಹೆಂಡತಿ ಗಾಯಕಿ ಕರ್ಸ್ಟಿ ಮೆಕಾಲ್, ಕರ್ಸ್ಟಿ ಹಿಂದೆ ಸ್ಮಿತ್ಸ್ ಹಾಡಿಗೂ ಹಿನ್ನೆಲೆ ದನಿ ಕೊಟ್ಟಿದ್ರು. ಮುಂದೆ ಕರ್ಸ್ಟಿ ಆಲ್ಬಂ ಮಾಡಿದಾಗ ಮಾರ್ ಹೋಗಿ ನುಡಿಸ್ದ, ಇಬ್ರೂ ಸೇರಿ ಹಾಡೂ ಬರೆದ್ರು. ಸೆಷನ್ ಕೆಲಸ ಅಂದ್ರೆ ದುಡ್ಡು ಇಸ್ಕೊಂಡು ನುಡಿಸಿ ಎದ್ದು ಹೋಗೋದು ಅಂತ ನಾವು ಅಂದ್ಕೋತೀವಿ, ಇವ್ನ ವಿಷ್ಯದಲ್ಲಿ ಹೆಚ್ಚಿನಂಶ ಎಲ್ಲ ಸ್ನೇಹದಿಂದ ಸ್ನೇಹಕ್ಕೆ ದಾಟ್ಕೊಂಡು ಹೋಗಿದ್ದು.

ಅದೇ ಹೊತ್ತಲ್ಲಿ ಪ್ರಿಟೆಂಡರ್ಸ್ ಜೊತೆ ಸ್ವಲ್ಪ ಕಾಲ ಟೂರ್ ಹೋದ. ಆ ಬ್ಯಾಂಡಿನ ಮೊದಲ ಗಿಟಾರಿಸ್ಟ್ ಜೇಮ್ಸ್ ಹನಿಮನ್-ಸ್ಕಾಟ್ 1982ರಲ್ಲೇ ತೀರ್ಕೊಂಡಿದ್ರು, ಮಾರ್ ಕಲಿತಿದ್ದೇ ಅವ್ರನ್ನ ಕೇಳಿ. ತಾನು ಯಾರನ್ನ ಕೇಳ್ತಾ ಗಿಟಾರ್ ಕಲಿತ್ನೋ ಅವ್ರ ಜಾಗದಲ್ಲಿ ನಿಂತು ಅವ್ರದ್ದೇ ಭಾಗಗಳನ್ನ ಜನರ ಮುಂದೆ ನುಡಿಸೋದು ಹೇಗನ್ನಿಸಿರ್ಬೇಕು, ಯೋಚ್ನೆ ಮಾಡಿ.

ಆಮೇಲೆ "ದಿ ದಿ", ಬ್ಯಾಂಡಿನ ಹೆಸರೇ ಹಾಗೆ. ಅದು ಮ್ಯಾಟ್ ಜಾನ್ಸನ್ ಅನ್ನೋ ಒಬ್ಬ ಮನುಷ್ಯನ ಬ್ಯಾಂಡ್ ಅಂತಾನೇ ಹೇಳ್ಬೇಕು, ಸ್ಮಿತ್ಸ್ ಶುರುವಾಗೋಕೂ ಮುಂಚೆಯಿಂದ ಇಬ್ರಿಗೂ ಪರಿಚಯ. 1989ರ "ಮೈಂಡ್ ಬಾಂಬ್", 1993ರ "ಡಸ್ಕ್", ಎರಡರಲ್ಲೂ ಮಾರ್ ಇದಾನೆ. "ಡಸ್ಕ್" ನನಗೆ ಎಲ್ಲಕ್ಕಿಂತ ಇಷ್ಟ. ಅದ್ರಲ್ಲಿ ಅವ್ನ ಹಾರ್ಮೋನಿಕಾ ಇದೆ, "ಡಾಗ್ಸ್ ಆಫ್ ಲಸ್ಟ್" ಹಾಡಲ್ಲಿ ಕೇಳಿ, ಗಿಟಾರಿಸ್ಟು ಅಂತ ಕರೆಸಿದೋನು ಬಾಯಲ್ಲಿ ಊದೋ ವಾದ್ಯದಲ್ಲಿ ಇಡೀ ಹಾಡನ್ನ ಎತ್ಕೊಂಡು ಹೋಗ್ತಾನೆ, ಗಿಟಾರ್ ಎಷ್ಟೋ ಕಡೆ ಹಿಂದೆ ಸರಿದು ಜಾನ್ಸನ್ ದನಿಗೆ ಜಾಗ ಬಿಡುತ್ತೆ.

"ಎಲೆಕ್ಟ್ರಾನಿಕ್" ಅನ್ನೋ ತಂಡದ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ಅಭಿಮಾನಿಗಳು ಜಾಸ್ತಿ ಮುನಿಸ್ಕೊಂಡಿದ್ದು ಇದಕ್ಕೇ. ನ್ಯೂ ಆರ್ಡರ್ ಬ್ಯಾಂಡಿನ ಬರ್ನಾರ್ಡ್ ಸಮ್ನರ್ ಜೊತೆ ಸೇರಿ ಮಾಡಿದ ತಂಡ ಇದು. ಮೊದಲ ಸಿಂಗಲ್ 1989ರ ಡಿಸೆಂಬರಲ್ಲಿ ಬಂತು, ಪೆಟ್ ಶಾಪ್ ಬಾಯ್ಸ್‌ನ ನೀಲ್ ಟೆನೆಂಟ್ ಕೂಡ ಅದ್ರಲ್ಲಿ ಇದ್ರು. ಮ್ಯಾಂಚೆಸ್ಟರಲ್ಲಿ ಆಗ ಹಸಿಯೆಂಡಾ ಕ್ಲಬ್ಬಿನ ಕಾಲ, ಇಡೀ ಊರು ಡ್ಯಾನ್ಸ್ ಮ್ಯೂಸಿಕ್ ಅಂತ ಕುಣೀತಿತ್ತು. 1991ರಲ್ಲಿ ಬಂದ ಆಲ್ಬಂ ಬ್ರಿಟನ್ ಚಾರ್ಟಲ್ಲಿ ಎರಡನೇ ಸ್ಥಾನಕ್ಕೆ ಹೋಯ್ತು. ಸ್ಮಿತ್ಸ್ ಅಭಿಮಾನಿಗಳು ಕೇಳಿದ್ದು ಒಂದೇ ಪ್ರಶ್ನೆ, ಗಿಟಾರ್ ಎಲ್ಲಿ? ಸಿಂಥಸೈಜರು, ಡ್ರಮ್ ಮಶೀನು, ಸೀಕ್ವೆನ್ಸರು, ಅದ್ರ ಮಧ್ಯೆ ಗಿಟಾರ್ ಅಲ್ಲೊಂದು ಇಲ್ಲೊಂದು. ನನಗನ್ಸೋದು, 26, 27 ವಯಸ್ಸಿನ ಹುಡುಗ ತನ್ನ ಊರಲ್ಲಿ ತನ್ನ ಕಣ್ಮುಂದೆ ಹೊಸ ಸಂಗೀತ ಹುಟ್ತಿರುವಾಗ ಅದ್ರೊಳಗೆ ಹೋಗ್ದೆ ಹಳೇ ಗಿಟಾರ್ ಹಿಡ್ಕೊಂಡು ಮೂಲೇಲಿ ಕೂತಿದ್ರೆ ಅದು ಸರಿಯಿರ್ತಿರ್ಲಿಲ್ಲ. 1996ರ ಎರಡನೇ ಆಲ್ಬಂಗೆ ಹಿಂದೆ ಜರ್ಮನಿಯ ಕ್ರಾಫ್ಟ್‌ವರ್ಕ್ ಬ್ಯಾಂಡಲ್ಲಿದ್ದ ಕಾರ್ಲ್ ಬಾರ್ಟೋಸ್ ಕೂಡ ಕೈ ಹಾಕಿದ್ರು, ಆದ್ರೆ ಅದು ನನಗೆ ರುಚಿಸಿಲ್ಲ, ತುಂಬ ತುಂಬಿಸಿಟ್ಟಿದಾರೆ, ಉಸಿರಾಡೋಕೆ ಜಾಗ ಇಲ್ಲ. 1999ರ ಮೂರನೇದ್ರಲ್ಲಿ ಗಿಟಾರ್ ವಾಪಸ್ ಜೋರಾಗಿ ಬಂತು.

ಇದೇ 1996ರಲ್ಲಿ ಸ್ಮಿತ್ಸ್ ಡ್ರಮ್ಮರ್ ಮೈಕ್ ಜಾಯ್ಸ್ ಹಾಕಿದ್ದ ಕೇಸು ಲಂಡನ್ ಹೈಕೋರ್ಟಲ್ಲಿ ನಡೀತು, ಬ್ಯಾಂಡಿನ ರೆಕಾರ್ಡಿಂಗ್ ಮತ್ತು ಕಾರ್ಯಕ್ರಮಗಳ ಲಾಭದಲ್ಲಿ ಜಾಯ್ಸ್‌ಗೆ ಕಾಲು ಪಾಲು ಸಲ್ಬೇಕು ಅಂತ ತೀರ್ಪಾಯ್ತು. ಅದ್ರ ಬಗ್ಗೆ ಜನ ಗಂಟೆಗಟ್ಲೆ ಜಗಳ ಆಡ್ತಾರೆ, ಅದಕ್ಕೆ ಇವತ್ತು ನಾನು ಹೋಗಲ್ಲ.

2003ರಲ್ಲಿ ಹೀಲರ್ಸ್ ಅಂತ ತಂಡ ಕಟ್ಟಿ ಒಂದು ಆಲ್ಬಂ ಮಾಡ್ದ, ಮೊದಲ ಸಲ ತಾನೇ ಮುಂದೆ ನಿಂತು ಹಾಡ್ದ. ಡ್ರಮ್ಸಿಗೆ ಝಾಕ್ ಸ್ಟಾರ್ಕಿ, ಬೀಟಲ್ಸ್‌ನ ರಿಂಗೋ ಸ್ಟಾರ್ ಮಗ. ಗಿಟಾರ್ ಚೆನ್ನಾಗಿದೆ, ಹಾಡುಗಾರಿಕೇಲಿ ಇನ್ನೂ ಹೆದರಿಕೆ ಇತ್ತು ಅನ್ಸುತ್ತೆ.

ನಿಜವಾದ ತಿರುವು ಬಂದಿದ್ದು ಅಮೆರಿಕದಲ್ಲಿ. ಮಾಡೆಸ್ಟ್ ಮೌಸ್ ಅನ್ನೋ ಬ್ಯಾಂಡಿನ ಐಸಾಕ್ ಬ್ರಾಕ್, ಕೂತು ಹಾಡು ಬರೆಯೋಣ ಬಾ ಅಂತ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿಗೆ ಕರೆದ, ಮಾರ್ ಹೋದ, ಹೋದೋನು ಬ್ಯಾಂಡಿನ ಪೂರ್ತಿ ಸದಸ್ಯನೇ ಆಗಿಬಿಟ್ಟ. 2007ರಲ್ಲಿ ಬಂದ ಅವ್ರ ಆಲ್ಬಂ ಅಮೆರಿಕದ ಬಿಲ್‌ಬೋರ್ಡ್ ಪಟ್ಟೀಲಿ ನೇರವಾಗಿ ಮೊದಲ ಸ್ಥಾನಕ್ಕೇ ಬಂತು. ಸ್ಮಿತ್ಸ್‌ಗೆ ಅಮೆರಿಕದಲ್ಲಿ ಅದು ಯಾವತ್ತೂ ಆಗಿರ್ಲಿಲ್ಲ! ಆಗ ನಲವತ್ತು ದಾಟಿದ್ದ, ತನ್ನನ್ನ ನೋಡಿ ಬೆಳೆದ ಹುಡುಗ್ರ ಬ್ಯಾಂಡಲ್ಲಿ ಎರಡನೇ ಗಿಟಾರ್ ಹಿಡಿದು ನಿಂತಿದ್ದ. ಅಷ್ಟಕ್ಕೇ ನಿಲ್ಲಿಸಿಲ್ಲ, ಅಲ್ಲಿಂದ ವೇಕ್‌ಫೀಲ್ಡಿನ ಮೂರು ಜನ ಅಣ್ತಮ್ಮಂದ್ರ ಬ್ಯಾಂಡು ದಿ ಕ್ರಿಬ್ಸ್ ಸೇರ್ದ, 2009ರಲ್ಲಿ ಅವ್ರ ಜೊತೆ ಒಂದು ಆಲ್ಬಂ.

ಮಾಡೆಸ್ಟ್ ಮೌಸ್ ದಿನಗಳಲ್ಲೇ ಅವ್ನು ಫೆಂಡರ್ ಜಾಗ್ವಾರ್ ಗಿಟಾರಿಗೆ ಮನಸೋತ. 1960ರ ದಶಕದ ಡಿಸೈನು, ಸದ್ದು ಚೆಂದ, ಆದ್ರೆ ಸಣ್ಣ ಸಣ್ಣ ಸ್ವಿಚ್ಚುಗಳ ಕಾಟ, ವೈಬ್ರಾಟೋ ಕಡ್ಡಿ ಹೇಳಿದ ಕಡೆ ನಿಲ್ಲಲ್ಲ. ಫೆಂಡರ್ ಜೊತೆ ಕೂತು ಅದನ್ನೆಲ್ಲ ಒಂದೊಂದಾಗಿ ಸರಿ ಮಾಡಿಸ್ದ, ಪಿಕಪ್, ಅಂದ್ರೆ ತಂತಿಯ ಸದ್ದು ಹಿಡಿಯೋ ಭಾಗ, ಬದಲಾಯಿಸೋಕೆ ಒಂದೇ ನಾಲ್ಕು ಹಂತದ ಸ್ವಿಚ್ ಬಂತು, ಕಡ್ಡಿ ಬಿಟ್ಟ ಜಾಗದಲ್ಲಿ ನಿಲ್ಲೋ ಥರ ಆಯ್ತು, 2012ರಲ್ಲಿ ಅವ್ನ ಹೆಸರಲ್ಲೇ ಮಾರುಕಟ್ಟೆಗೆ ಬಂತು. ದಿನಾ ನುಡಿಸೋನು ಮಾಡಿಸಿದ ಗಿಟಾರ್ ಅಂತ ಹಿಡಿದ ತಕ್ಷಣ ಗೊತ್ತಾಗುತ್ತೆ.

ಸಿನಿಮಾ ಕೆಲಸ ಬಿಡೋಹಾಗಿಲ್ಲ. 2010ರ "ಇನ್ಸೆಪ್ಷನ್" ನಿಮ್ಮಲ್ಲಿ ಬಹಳ ಜನ ನೋಡಿರ್ತೀರಿ, ಹ್ಯಾನ್ಸ್ ಜಿಮರ್ ಸಂಗೀತ, ಅಷ್ಟು ದೊಡ್ಡ ಬ್ರಾಸ್ ಸೆಕ್ಷನ್ ಭೋರ್ಗರೀತಿರುವಾಗ ಅದ್ರ ಒಳಗೆ ಒಂದು ಗಿಟಾರ್ ತಣ್ಣಗೆ ಒಂದೊಂದೇ ಸ್ವರ ಇಡ್ತಾ ಹೋಗುತ್ತಲ್ಲ, ಅದು ಮಾರ್. ಆ ಸಿನಿಮಾ ನೋಡಿದ ಕೋಟ್ಯಂತರ ಜನಕ್ಕೆ ಅವ್ನ ಹೆಸರು ಗೊತ್ತಿಲ್ಲ, ಆದ್ರೆ ಅವ್ನ ಗಿಟಾರ್ ಕೇಳಿದಾರೆ. 2021ರ ಬಾಂಡ್ ಚಿತ್ರಕ್ಕೂ ಜಿಮರ್ ಅವ್ನನ್ನೇ ಕರೆದ್ರು.

ಕೊನೆಗೆ 2013ರಲ್ಲಿ "ದಿ ಮೆಸೆಂಜರ್", ಸ್ವಂತ ಹೆಸರಲ್ಲಿ. ಬ್ರಿಟನ್ನಿನ ಟಾಪ್ ಟೆನ್ನಿಗೆ ಹೋಯ್ತು. ಮಾರನೇ ವರ್ಷ "ಪ್ಲೇಲ್ಯಾಂಡ್", 2018ರಲ್ಲಿ "ಕಾಲ್ ದಿ ಕಾಮೆಟ್", 2022ರಲ್ಲಿ "ಫೀವರ್ ಡ್ರೀಮ್ಸ್". ಈಗ ಅವ್ನೇ ಹಾಡ್ತಾನೆ, ಹೆದರಿಕೆ ಹೋಗಿದೆ, ಕನ್ಸರ್ಟಲ್ಲಿ ಸ್ಮಿತ್ಸ್ ಹಾಡುಗಳನ್ನ ಕೂಡ ತನ್ನ ದನೀಲೇ ಹಾಡ್ತಾನೆ. ಪಕ್ಕದಲ್ಲಿ ನಿಂತಷ್ಟು ವರ್ಷ ಎಷ್ಟು ಥರದ ಹಾಡುಗಾರರನ್ನ ಹತ್ರದಿಂದ ಕೇಳಿದ್ನೋ ಅದೆಲ್ಲ ಇಲ್ಲಿ ಕೇಳಿಸುತ್ತೆ. ಮಾತು ಕಡಿಮೆ, ಟ್ಯೂನ್ ಗಟ್ಟಿ, ಹಾಡು ಮೂರ್ನಾಲ್ಕು ನಿಮಿಷಕ್ಕೆ ಮುಗಿಯುತ್ತೆ.

ಹೊಸದಾಗಿ ಕೇಳೋರಿಗೆ ನಾನು ಹೇಳೋ ಕ್ರಮ ಇದು. ಮೊದ್ಲು "ನಥಿಂಗ್ ಬಟ್ ಫ್ಲವರ್ಸ್", ಆಮೇಲೆ "ಡಸ್ಕ್" ಪೂರ್ತಿ, ಹೆಡ್‌ಫೋನ್ ಹಾಕ್ಕೊಂಡು, ಆಮೇಲೆ ಎಲೆಕ್ಟ್ರಾನಿಕ್‌ನ ಮೊದಲ ಆಲ್ಬಂ, ಗಿಟಾರ್ ಎಲ್ಲಿ ಅಂತ ಹುಡುಕ್ದೆ ಕೇಳಿ, ತಾನಾಗೇ ಸಿಗುತ್ತೆ. ಅದಾದ್ಮೇಲೆ "ಕಾಲ್ ದಿ ಕಾಮೆಟ್". ಸ್ಮಿತ್ಸ್ ಕೊನೆಗೆ ಇಟ್ಕೊಳ್ಳಿ. ಪ್ರಶ್ನೆ ಇದ್ರೆ ಕೇಳಿ, ಹಾಗೇ ಪ್ರೊಜೆಕ್ಟರ್ ಹತ್ರ ಇರೋರು ಯಾರಾದ್ರೂ ಆ ಟಾಕಿಂಗ್ ಹೆಡ್ಸ್ ಹಾಡು ಹಾಕಿ, ಸ್ವಲ್ಪ ಜೋರಾಗೇ ಇಡಿ.