ಬೇಹುಗಾರರ ಬೆನ್ನಿಗೆ ಬೇಹುಗಾರರು

ಚಿತ್ರದುರ್ಗ ಜಿಲ್ಲೆಯ ಕೇಳುಗರಿಗೆಲ್ಲ ನಮಸ್ಕಾರ.

ಸರ್ವಾಧಿಕಾರಿಗೆ ಅಷ್ಟೊಂದು ಗುಪ್ತಚರ ಸಂಸ್ಥೆಗಳು ಯಾಕೆ? ಜನರ ಮೇಲೆ ಕಣ್ಣಿಡಲು ಎನ್ನುತ್ತಾರೆ. ಅದಕ್ಕೆ ಒಂದೇ ಸಾಕಲ್ವಾ? ಎರಡನೆಯದು ಇರುವುದು ಮೊದಲನೆಯದರ ಮೇಲೆ ಕಣ್ಣಿಡಲು. ಮೂರನೆಯದು ಆ ಎರಡರ ಮೇಲೆ. ಇವತ್ತು ಇದೊಂದು ಮಾತು ನೆನಪಿಟ್ಟುಕೊಂಡರೆ ಸಾಕು.

ನಮ್ಮ ದುರ್ಗದ ಏಳು ಸುತ್ತೂ ಹೊರಗಿನವರನ್ನು ತಡೆಯಲು ಕಟ್ಟಿದ್ದು. ಸರ್ವಾಧಿಕಾರಿ ಸುತ್ತು ಕಟ್ಟುವುದು ಒಳಗಿನವರಿಗೆ ಹೆದರಿ.

1953ರ ಮಾರ್ಚಿನಲ್ಲಿ ಸೋವಿಯತ್ ಒಕ್ಕೂಟದ ಸರ್ವಾಧಿಕಾರಿ ಸ್ಟಾಲಿನ್ ಸತ್ತ. ಪೊಲೀಸು, ಗುಪ್ತಚರರು, ಗಡಿ ಪಡೆ ಎಲ್ಲ ಬೆರಿಯಾ ಎಂಬ ಒಬ್ಬನ ಕೈಗೆ ಬಂತು. ಸರ್ಕಾರ ಕೂರುವ ಕ್ರೆಮ್ಲಿನ್ ಕೋಟೆಯ ಬಾಗಿಲು ಕಾಯುವವರೂ ಅವನ ಕಡೆಯವರೇ! ಇವನನ್ನು ಹಿಡಿಯಬೇಕೆಂದು ಜೊತೆಯ ನಾಯಕರಾದ ಕ್ರುಶ್ಚೇವ್, ಮಲೆಂಕೋವ್ ಗುಟ್ಟಾಗಿ ತೀರ್ಮಾನಿಸಿದರು. ಸರಿ, ಹಿಡಿಯುವವರು ಯಾರು? ಪೊಲೀಸರನ್ನು ಕರೆದರೆ ಸುದ್ದಿ ಮೊದಲು ಮುಟ್ಟುವುದು ಬೆರಿಯಾಗೇ. ಉಳಿದದ್ದು ಸೇನೆಯೊಂದೇ. ಜೂನ್ 26ರಂದು ರಕ್ಷಣಾ ಸಚಿವ ಬುಲ್ಗಾನಿನ್ ಕಾರಿನಲ್ಲಿ ಸೇನಾಧಿಕಾರಿಗಳನ್ನು ಒಳಗೆ ಸಾಗಿಸಿದರು. 1955ರಲ್ಲಿ ಕ್ರುಶ್ಚೇವ್ ಜೊತೆ ಬೆಂಗಳೂರಿಗೂ ಬಂದಿದ್ದರಲ್ಲ, ಅದೇ ಬುಲ್ಗಾನಿನ್. ಬೆರಿಯಾ ಕೂತಿದ್ದ ಸಭೆಯ ಪಕ್ಕದ ಕೋಣೆಯಲ್ಲಿ ಮಾರ್ಷಲ್ ಝುಕೋವ್, ಜನರಲ್ ಮೊಸ್ಕಲೆಂಕೊ ಕಾದಿದ್ದರು; ಸಭೆಯಿಂದ ಗಂಟೆ ಬಾರಿಸಿದ್ದೇ ತಡ ಒಳಗೆ ನುಗ್ಗಿದರು. ಹಿಡಿದದ್ದೇನೋ ಆಯಿತು, ಹೊರಗೆ ಸಾಗಿಸಬೇಕಲ್ಲ? ಬಾಗಿಲಲ್ಲಿ ಅವನ ಕಾವಲಿನವರಿದ್ದಾರೆ. ಕತ್ತಲಾಗುವವರೆಗೆ ಕಾದು ಕಾರಿನಲ್ಲಿ ಹೊರಡಿಸಿದರು. ಸೆರೆಯಲ್ಲಿಟ್ಟದ್ದೂ ಸೇನೆಯ ಜಾಗದಲ್ಲೇ. ಡಿಸೆಂಬರಿನಲ್ಲಿ ಗುಂಡಿಟ್ಟು ಕೊಂದರು. ಮರುವರ್ಷವೇ ಗುಪ್ತಚರ ಕೆಲಸವನ್ನು ಪೊಲೀಸ್ ಇಲಾಖೆಯಿಂದ ಬೇರ್ಪಡಿಸಿ ಕೆಜಿಬಿ ಎಂಬ ಬೇರೆ ಸಂಸ್ಥೆ ಮಾಡಿದರು. ಎಲ್ಲವೂ ಒಬ್ಬನ ಕೈಗೆ ಹೋಗುವುದು ಅವರಿಗೆ ಮತ್ತೆ ಬೇಡವಾಗಿತ್ತು.

ಈ ಕಥೆ ಶುರು ಮಾಡಿದರೆ ನನಗೆ ಗಡಿಯಾರ ಕಾಣುವುದಿಲ್ಲ. ಉಳಿದದ್ದು ಬೇಗ ಹೇಳುತ್ತೇನೆ.

ನಮ್ಮಲ್ಲೂ ಐಬಿ, ರಾ ಎಂದು ಎರಡು ಗುಪ್ತಚರ ಸಂಸ್ಥೆಗಳಿವೆಯಲ್ಲ ಎನ್ನಬೇಡಿ. ಒಂದು ದೇಶದೊಳಗೆ, ಇನ್ನೊಂದು 1968ರಿಂದ ಹೊರಗೆ. ಕೆಲಸ ಹಂಚಿದ್ದಾರೆ. ಸರ್ವಾಧಿಕಾರಿ ಒಂದೇ ಕೆಲಸವನ್ನು ನಾಲ್ಕು ಕಡೆ ಕೊಡುತ್ತಾನೆ. ಸಿರಿಯಾದ ಅಸ್ಸಾದ್ ಆಳ್ವಿಕೆಯಲ್ಲಿ ದೊಡ್ಡ ಗುಪ್ತಚರ ಸಂಸ್ಥೆಗಳೇ ನಾಲ್ಕಿದ್ದವು. ಅವುಗಳಲ್ಲಿ ಜಾಸ್ತಿ ಭಯ ಹುಟ್ಟಿಸುತ್ತಿದ್ದದ್ದು ವಾಯುಪಡೆಯದು. 1970ರಲ್ಲಿ ಅಧಿಕಾರ ಹಿಡಿದ ಹಾಫೆಜ್ ಅಸ್ಸಾದ್ ವಾಯುಪಡೆಯಿಂದಲೇ ಬಂದವನು, ಅಲ್ಲಿನವರನ್ನೇ ನಂಬಿದ. ವಿಮಾನಕ್ಕೂ ಊರಿನವರನ್ನು ಹಿಡಿದು ಬಡಿಯುವುದಕ್ಕೂ ಏನು ಸಂಬಂಧ ಎಂದು ಯಾರು ಕೇಳಬೇಕು?

ಇರಾಕಿನ ಸದ್ದಾಂ ಸೇನೆಯನ್ನು ನಂಬದೆ ರಿಪಬ್ಲಿಕನ್ ಗಾರ್ಡ್ ಎಂಬ ಬೇರೆ ಪಡೆ ಬೆಳೆಸಿದ. ಅದನ್ನೂ ನಂಬದೆ ಸ್ಪೆಷಲ್ ರಿಪಬ್ಲಿಕನ್ ಗಾರ್ಡ್ ಕಟ್ಟಿದ. ಅದರ ಮೇಲೂ ಒಂದು ಕಣ್ಣಿಟ್ಟ. 2003ರಲ್ಲಿ ಅಮೆರಿಕದ ಟ್ಯಾಂಕುಗಳು ಬಾಗ್ದಾದಿಗೆ ಬಂದಾಗ ಇಷ್ಟೂ ಪಡೆಗಳಿದ್ದವು, ಒಂದಕ್ಕೊಂದು ನಂಬಿಕೆ ಮಾತ್ರ ಇರಲಿಲ್ಲ.

ನಮಸ್ಕಾರ.