ಮಂಡಿಚಿಪ್ಪು ಬದಲಿಸಿದ್ರು, ಚಿಪ್ಪು ಮಾತ್ರ ಅಲ್ಲೇ ಇತ್ತು!

[ದೃಶ್ಯ: ದಾವಣಗೆರೆ ಮಂಡಿಪೇಟೆ, ಬೆಳಗಿನ ಹೊತ್ತು. ಲಾರಿಯಿಂದ ಮೂಟೆ ಇಳೀತಿವೆ. ನಿರೂಪಕ ನಡ್ಕೊಂಡು ಬರ್ತಾನೆ.]

ನಮಸ್ಕಾರ ರೀ. ಇದು ನಮ್ಮ ದಾವಣಗೆರೆ ಮಂಡಿಪೇಟೆ. ಇಲ್ಲಿ ಮಂಡಿ ಅಂದ್ರೆ ಸಗಟು ಅಂಗಡಿ. ಒಂದು ಮೂಟೆ ಅಕ್ಕಿ ಬೇಕಂದ್ರೂ ನಾವು ಇಲ್ಲಿ ಬೆಲೆ ಕೇಳ್ತೀವಿ, ಪಕ್ಕದಲ್ಲೂ ಕೇಳ್ತೀವಿ, ಮುಷ್ಟಿ ತುಂಬ ತಗೊಂಡು ಮೂಸಿ ನೋಡ್ತೀವಿ, ಚೀಟಿ ಬರೆಸ್ಕೊಂಡು ಹೊರಡ್ತೀವಿ. ಇನ್ನೊಂದು ಮಂಡಿ ಇದೆಯಲ್ಲ, ಕಾಲಿಂದು? ಅದಕ್ಕೆ ಲಕ್ಷಗಟ್ಟಲೆ ಕೊಡೋವಾಗ ಮಾತ್ರ ಒಂದು ಮಾತೂ ಕೇಳದೆ ತೋರಿಸಿದ ಕಡೆ ಸಹಿ ಹಾಕಿ ಬರ್ತೀವಿ.

ಹೋದ ವರ್ಷ ನಮ್ಮ ದೊಡ್ಡಮ್ಮಂಗೆ ಮಂಡಿ ಆಪರೇಷನ್ ಆಯ್ತು. ಅದಕ್ಕೂ ಮುಂಚೆ ಎರಡು ಖಾಸಗಿ ಆಸ್ಪತ್ರೇಲಿ ವಿಚಾರಿಸಿದ್ವಿ. ಒಂದು ಕಡೆ 1.65 ಲಕ್ಷ ಅಂದ್ರು, ಇನ್ನೊಂದು ಕಡೆ 2.9 ಲಕ್ಷ. ಅದೇ ಬಲಗಾಲು, ಅದೇ ಎಕ್ಸ್‌ರೇ, ಅದೇ ದೊಡ್ಡಮ್ಮ. ನಡುವಿನ ಒಂದೂಕಾಲು ಲಕ್ಷ ಯಾವುದಕ್ಕೆ? ಈ ವಿಡಿಯೋ ಹುಟ್ಟಿದ್ದೇ ಅಲ್ಲಿಂದ.

ಮಂಡಿ ಯಾಕೆ ಸವೆಯುತ್ತೆ ಅನ್ನೋದನ್ನ ಬೇಗ ಮುಗಿಸ್ತೀನಿ. ತೊಡೆ ಮೂಳೆಗೂ ಕಣಕಾಲು ಮೂಳೆಗೂ ನಡುವೆ ನುಣುಪಾದ ಮೃದ್ವಸ್ಥಿ ಇರುತ್ತೆ. ಅದು ಸವೆದು ಹೋದ್ರೆ ಮೂಳೆಗೆ ಮೂಳೆ ಉಜ್ಜುತ್ತೆ, ನೋವು. ಮಾತ್ರೆ, ವ್ಯಾಯಾಮ, ಇಂಜೆಕ್ಷನ್ ಯಾವುದಕ್ಕೂ ಬಗ್ಗದಿದ್ದಾಗ ಆಪರೇಷನ್. ಇಷ್ಟು ಸಾಕು, ಉಳಿದದ್ದನ್ನ ನಿಮ್ಮ ಡಾಕ್ಟ್ರು ಹೇಳಿರ್ತಾರೆ.

ಅವರು ಹೇಳದೇ ಇರೋ ಒಂದು ವಿಷಯ ಇದೆ. ಕನ್ನಡದಲ್ಲಿ ಇದಕ್ಕೆ ಏನಂತೀವಿ? ಮಂಡಿಚಿಪ್ಪು ಬದಲಾವಣೆ. ಪೇಪರ್‌ನಲ್ಲಿ ಹಂಗೇ ಬರುತ್ತೆ, ಆಸ್ಪತ್ರೆ ಬೋರ್ಡಿನ ಮೇಲೂ ಹಂಗೇ. ಆದ್ರೆ ಈ ಆಪರೇಷನ್‌ನಲ್ಲಿ ಎಷ್ಟೋ ಸಲ ಬದಲಾಗದೇ ಉಳಿಯೋ ಭಾಗ ಯಾವುದು ಗೊತ್ತಾ? ಚಿಪ್ಪು!

[ದೃಶ್ಯ: ಮೇಜಿನ ಮೇಲೆ ಮಂಡಿಯ ಪ್ಲಾಸ್ಟಿಕ್ ಮಾದರಿ.]

ಬನ್ನಿ, ಬಿಚ್ಚಿ ನೋಡೋಣ. ನಮ್ಮ ದೊಡ್ಡಪ್ಪಂದು ಎತ್ತಿನ ಬಂಡಿ ಇತ್ತು. ಗಾಲಿ ಅಂಚು ಸವೆದರೆ ಇಡೀ ಗಾಲಿ ಎಸೀತಿದ್ರಾ? ಇಲ್ಲ. ಕಮ್ಮಾರ ಕಬ್ಬಿಣದ ಹಳಿ ಕಾಯಿಸಿ, ಮರದ ಮೇಲೆ ಕೂರಿಸಿ, ನೀರು ಸುರಿದು ಬಿಗಿ ಮಾಡ್ತಿದ್ದ. ಗಾಲಿ ಅದೇ, ನೆಲಕ್ಕೆ ತಾಗೋ ಮೈ ಮಾತ್ರ ಹೊಸದು. ಮಂಡಿ ಕೂಡ ಹಂಗೇ. ತೊಡೆ ಮೂಳೆ ತುದೀಲಿ ಎಂಟು ಹತ್ತು ಮಿಲಿಮೀಟರ್ ಕೆತ್ತಿ ಲೋಹದ ಹೊದಿಕೆ ಹಾಕ್ತಾರೆ. ಕೆಳಗಿನ ಮೂಳೆ ಮೇಲೆ ಒಂದು ಲೋಹದ ತಟ್ಟೆ. ಎರಡರ ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆ. ಬಂಡಿಗೆ ಕೀಲೆಣ್ಣೆ ಬೇಕಲ್ಲ, ಆ ಕೆಲಸವನ್ನ ಕೀಲಿನೊಳಗಿನ ದ್ರವಾನೇ ಮುಂದುವರಿಸುತ್ತೆ. ಮುಂದೆ ಇರೋ ಚಿಪ್ಪು ನಿಮ್ಮದೇ. ಅದರ ಒಳಮೈ ತೀರಾ ಕೆಟ್ಟಿದ್ರೆ ಅಲ್ಲೊಂದು ಪ್ಲಾಸ್ಟಿಕ್ ಗುಂಡಿ ಅಂಟಿಸ್ತಾರೆ, ಇಲ್ಲಾಂದ್ರೆ ಬಿಡ್ತಾರೆ. ಅಮೆರಿಕದಲ್ಲಿ ಹೆಚ್ಚಿನವರು ಅಂಟಿಸ್ತಾರೆ, ನಮ್ಮಲ್ಲಿ ಬಹಳಷ್ಟು ಡಾಕ್ಟ್ರು ಬಿಡ್ತಾರೆ. ಎರಡೂ ತಪ್ಪಲ್ಲ. ದೊಡ್ಡಮ್ಮಂಗೆ ಇದನ್ನ ಹೇಳಿದ್ರೆ, "ಚಿಪ್ಪೇ ಬದ್ಲಿ ಮಾಡಿಲ್ಲಂದ್ರೆ ಮತ್ತೆ ಎರಡು ತಾಸು ಒಳಗೆ ಏನ್ ಮಾಡಿದ್ರಪ್ಪಾ ಅವ್ರು?" ಅಂದ್ರು.

ಹೊದಿಕೆ, ತಟ್ಟೆ, ಬಿಲ್ಲೆ, ಬೇಕಿದ್ರೆ ಗುಂಡಿ. ಈ ನಾಲ್ಕರ ಹೆಸರು ನೆನಪಿರಲಿ, ದುಡ್ಡಿನ ಲೆಕ್ಕ ಇಲ್ಲೇ ಇರೋದು.

2017ರ ಆಗಸ್ಟ್‌ವರೆಗೆ ಈ ಸಾಮಾನಿಗೆ ಹೇಳಿದ್ದೇ ಬೆಲೆ. ಸಾಮಾನ್ಯವಾಗಿ ಹಾಕೋ ಕೋಬಾಲ್ಟ್ ಕ್ರೋಮಿಯಂ ಲೋಹದ ಸೆಟ್ಟಿನ ಸರಾಸರಿ ಎಂಆರ್‌ಪಿ 1.58 ಲಕ್ಷ ಇತ್ತು. ಆ ತಿಂಗಳು ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ, ಅಂದ್ರೆ ಎನ್‌ಪಿಪಿಎ, ಗರಿಷ್ಠ ಬೆಲೆ ಕಟ್ಟಿತು. ಆಗ ಆ ಖಾತೆ ಮಂತ್ರಿ ಆಗಿದ್ದವರು ನಮ್ಮ ಕರ್ನಾಟಕದವರೇ, ಅನಂತಕುಮಾರ್. ಒಂದೇ ಏಟಿಗೆ 1.58 ಲಕ್ಷದ್ದು 54,720 ರೂಪಾಯಿಗೆ ಇಳೀತು.

ನನಗೆ ಖುಷಿ ಕೊಟ್ಟಿದ್ದು ಆ ಆದೇಶದಲ್ಲಿ ಬೆಲೆಯನ್ನ ಬಿಡಿಬಿಡಿಯಾಗಿ ಕಟ್ಟಿದ್ದು. ತೊಡೆ ಮೂಳೆ ಹೊದಿಕೆ 24,090. ಕೆಳಗಿನ ತಟ್ಟೆ 16,990. ನಡುವಿನ ಬಿಲ್ಲೆ 9,550. ಚಿಪ್ಪಿನ ಗುಂಡಿ 4,090. ಫೋನ್ ತೆಗೆದು ಕೂಡಿ ನೋಡಿ, ಸರಿಯಾಗಿ 54,720 ಬರುತ್ತೆ. ಜಿಎಸ್‌ಟಿ ಬೇರೆ. ಇವು 2017ರ ಅಂಕಿ. ಈಗಿನ ದರವನ್ನ ಎನ್‌ಪಿಪಿಎ ಜಾಲತಾಣದಲ್ಲಿ ನೋಡ್ಕೊಳ್ಳಿ. ಬೆಲೆ ಬಿಡಿಬಿಡಿ ಅಂದ್ಮೇಲೆ, ಚಿಪ್ಪಿಗೆ ಗುಂಡಿ ಹಾಕಿಲ್ಲ ಅಂದ್ರೆ ಪೂರಾ ಸೆಟ್ಟಿನ ದುಡ್ಡು ಯಾಕೆ ಕೊಡಬೇಕು?

ನಮ್ಮ ಬಿಲ್‌ನಲ್ಲಿ ಗುಂಡಿ ಇತ್ತು. ಕೇಸ್ ಶೀಟ್‌ನಲ್ಲಿ ಇರಲಿಲ್ಲ.

ಹೆಂಗೆ ಗೊತ್ತಾಯ್ತು? ಪ್ರತಿ ಭಾಗದ ಡಬ್ಬಿ ಜೊತೆ ಒಂದು ಸ್ಟಿಕ್ಕರ್ ಬರುತ್ತೆ. ಕಂಪನಿ ಹೆಸರು, ಅಳತೆ, ಬ್ಯಾಚ್ ನಂಬರ್ ಎಲ್ಲಾ ಅದರಲ್ಲಿರುತ್ತೆ. ಆಪರೇಷನ್ ಮುಗಿದ ಮೇಲೆ ಅದನ್ನ ಕಿತ್ತು ಕೇಸ್ ಶೀಟಿಗೆ ಅಂಟಿಸ್ತಾರೆ. ನಮ್ಮಣ್ಣ ಡಿಸ್ಚಾರ್ಜ್ ದಿನ ಕೌಂಟರ್ ಮುಂದೆ ನಿಂತು ಎಣಿಸಿದ. ಮೂರು, ಜೊತೆಗೆ ಭಾಗಗಳನ್ನ ಮೂಳೆಗೆ ಅಂಟಿಸೋ ಸಿಮೆಂಟಿಂದು ಒಂದು. ಗುಂಡಿದು ಇಲ್ಲ. ಕೇಳಿದ್ದಕ್ಕೆ "ಕಂಪ್ಯೂಟರ್‌ನಲ್ಲಿ ಪೂರಾ ಸೆಟ್ ಒಟ್ಟಿಗೆ ಬಂದ್ಬಿಡುತ್ತೆ ಸರ್" ಅಂತ ಹೇಳಿ ಬಿಲ್ ಬದಲಿಸಿ ಕೊಟ್ರು. ಕೈಗೆ ಚಿಪ್ಪು ಕೊಡೋದು ಅಂತ ಕೇಳಿದ್ವಿ. ಇಲ್ಲಿ ಚಿಪ್ಪೂ ಕೊಡದೆ ದುಡ್ಡು ತಗೊಂಡಿದ್ರು! ಬೇಕಂತ ಮಾಡಿದ್ರು ಅಂತ ನಾನು ಹೇಳಲ್ಲ. ಕೇಳದೇ ಇದ್ದಿದ್ರೆ ಆ ನಾಲ್ಕು ಸಾವಿರ ವಾಪಸ್ ಬರ್ತಿರಲಿಲ್ಲ, ಅಷ್ಟೇ. ಇಂಪ್ಲಾಂಟಿನ, ಅಂದ್ರೆ ಒಳಗೆ ಕೂರಿಸೋ ಈ ಭಾಗಗಳ ಬೆಲೆ, ಬ್ರಾಂಡು, ಬ್ಯಾಚ್ ನಂಬರ್ ಬಿಲ್‌ನಲ್ಲಿ ಬೇರೆಯಾಗಿ ಕಾಣಬೇಕು. ಕೇಳೋದಕ್ಕೆ ಸಂಕೋಚ ಬೇಡ.

ಸರಿ, ಲೋಹದ ಬೆಲೆ ಇಷ್ಟೇ ಅಂದ್ರೆ 2.9 ಲಕ್ಷ ಹೆಂಗಾಯ್ತು? ಉಳಿದಿದ್ದಕ್ಕೆ ಈ ಆದೇಶ ಅನ್ವಯಿಸಲ್ಲ. ಡಾಕ್ಟ್ರ ಫೀಸು, ಅರಿವಳಿಕೆ, ಥಿಯೇಟರ್ ಬಾಡಿಗೆ, ಔಷಧಿ, ರೂಮು. ಇದರಲ್ಲಿ ಕಿತಾಪತಿ ಮಾಡೋದು ರೂಮು. ಎಷ್ಟೋ ಆಸ್ಪತ್ರೆಗಳಲ್ಲಿ ನೀವು ಯಾವ ರೂಮು ತಗೊಂಡ್ರಿ ಅನ್ನೋದರ ಮೇಲೆ ಡಾಕ್ಟ್ರ ಫೀಸು, ಥಿಯೇಟರ್ ಬಾಡಿಗೆ ಕೂಡ ಏರುತ್ತೆ. ಅದೇ ಡಾಕ್ಟ್ರು, ಅದೇ ಕತ್ತರಿ, ಆದ್ರೆ ಡೀಲಕ್ಸ್ ರೂಮಿನವರಿಗೆ ಬೇರೆ ದರ. ಬೆಣ್ಣೆ ದೋಸೆ ಹೋಟೆಲ್‌ನಲ್ಲಿ ಏಸಿ ಹಾಲ್‌ನಲ್ಲಿ ಕೂತ್ರೆ ಬೆಣ್ಣೆ ಜಾಸ್ತಿ ಹಾಕ್ತಾರಾ? ದೋಸೆ ಅದೇ, ಬಿಲ್ ಬೇರೆ. ದೊಡ್ಡಮ್ಮನ ಎರಡು ಎಸ್ಟಿಮೇಟ್ ಪಕ್ಕಪಕ್ಕ ಇಟ್ಟು ನೋಡಿದ್ರೆ ದೊಡ್ಡ ವ್ಯತ್ಯಾಸ ಇಲ್ಲೇ ಇತ್ತು.

ಇನ್ಶೂರೆನ್ಸ್ ಇದ್ದೋರು ಇಲ್ಲಿ ಇನ್ನೂ ಹುಷಾರಾಗಿರಿ. ಪಾಲಿಸೀಲಿ ರೂಮ್ ಬಾಡಿಗೆ ಮಿತಿ ಇದ್ದು ನೀವು ಅದಕ್ಕಿಂತ ಮೇಲಿನ ರೂಮಿಗೆ ಹೋದ್ರೆ, ಬಾಡಿಗೆ ಜೊತೆ ಡಾಕ್ಟ್ರ ಫೀಸಿನಂಥ ಖರ್ಚಲ್ಲೂ ಅದೇ ಪ್ರಮಾಣದಲ್ಲಿ ಕಡಿತ ಮಾಡ್ತಾರೆ. ಇಂಪ್ಲಾಂಟು, ಔಷಧಿ, ಪರೀಕ್ಷೆಗಳಿಗೆ ಆ ಕಡಿತ ಹಾಕೋ ಹಾಗಿಲ್ಲ. ಹಾಕಿದ್ರೆ ಪ್ರಶ್ನೆ ಮಾಡಿ. ಕೀಲು ಬದಲಾವಣೆಗೆ ಕಾಯುವ ಅವಧಿ ಕೂಡ ಇರುತ್ತೆ, ಮಂಡಿ ನೋವು ಶುರುವಾದ ಮೇಲೆ ಪಾಲಿಸಿ ಮಾಡಿಸಿದ್ರೆ ತಕ್ಷಣಕ್ಕೆ ಕೆಲಸಕ್ಕೆ ಬರಲ್ಲ.

[ದೃಶ್ಯ: ಚಿನ್ನದ ಬಣ್ಣದ ಇಂಪ್ಲಾಂಟಿನ ಚಿತ್ರ.]

ಇನ್ನು ಗೋಲ್ಡನ್ ನೀ, ಅಂದ್ರೆ ಬಂಗಾರದ ಮಂಡಿ ಅಂತ ಕರೆಯೋ ಇಂಪ್ಲಾಂಟು. ನಮ್ಮ ಬೀದಿಯವರೊಬ್ಬರು "ಒಳಗೆ ಎಷ್ಟು ತೊಲ ಇರುತ್ತೆ?" ಅಂತ ನಿಜವಾಗ್ಲೂ ಕೇಳಿದ್ರು. ಒಂದು ಗುಲಗಂಜಿಯಷ್ಟೂ ಇರಲ್ಲ. ಅದು ಟೈಟಾನಿಯಂ ನಿಯೋಬಿಯಂ ನೈಟ್ರೈಡ್ ಲೇಪನ, ಬಣ್ಣ ಮಾತ್ರ ಬಂಗಾರದ್ದು. ನಿಕಲ್ ಅಲರ್ಜಿ ಇರೋರಿಗೆ ಅದಕ್ಕೊಂದು ಅರ್ಥ ಇದೆ. ಬಂಗಾರ ಇಲ್ಲದಿದ್ರೂ ಮಂಡಿಗೆ ಆನೆದಂತ ಹಾಕಿದ್ದು ಮಾತ್ರ ನಿಜ. 1890ರಲ್ಲಿ ಬರ್ಲಿನ್‌ನಲ್ಲಿ ಥೆಮಿಸ್ಟೋಕ್ಲಿಸ್ ಗ್ಲುಕ್ ಅನ್ನೋ ಸರ್ಜನ್ ಹಾಕಿದ್ರು. ಇರಲಿ. "ಮಾಮೂಲಿ ಸೆಟ್ ಹತ್ತು ವರ್ಷಕ್ಕೆ ಹೋಗುತ್ತೆ" ಅಂತ ಹೆದರಿಸಿದ್ರೆ ಇದನ್ನ ನೆನಪಿಟ್ಕೊಳ್ಳಿ: 2019ರಲ್ಲಿ ಲ್ಯಾನ್ಸೆಟ್ ಪತ್ರಿಕೇಲಿ ಬಂದ ಅಧ್ಯಯನದ ಪ್ರಕಾರ, ಪೂರ್ಣ ಮಂಡಿ ಬದಲಾವಣೆಗಳಲ್ಲಿ ಸುಮಾರು 82 ಶೇಕಡ 25 ವರ್ಷ ಬಾಳಿವೆ.

ಕ್ಯಾಮೆರಾ ಹಿಂದೆ ನಮ್ಮ ಹುಡುಗ ಗಡಿಯಾರ ತೋರಿಸ್ತಿದ್ದಾನೆ. ಚಿಪ್ಪಿನ ಕಥೇಲೇ ಅರ್ಧ ಟೈಮ್ ಹೋಯ್ತು. ಉಳಿದಿದ್ದು ಪಟಪಟ ಹೇಳ್ತೀನಿ.

ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಅನ್ನೋ ಸರ್ಕಾರಿ ಯೋಜನೇಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತೆ. ಎಪಿಎಲ್ ಆದ್ರೆ ಪ್ಯಾಕೇಜ್ ದರದ 30 ಶೇಕಡ. ಆದ್ರೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ ಮಲಗಿದ್ರೆ ಬರಲ್ಲ. ಮಂಡಿ ತುರ್ತು ಚಿಕಿತ್ಸೆ ಅಲ್ಲ, ಹಾಗಾಗಿ ಮೊದಲು ಸರ್ಕಾರಿ ಆಸ್ಪತ್ರೆ. ದಾವಣಗೆರೆಯವರಿಗೆ ಚಿಗಟೇರಿ ಆಸ್ಪತ್ರೆ, ದುರ್ಗದವರಿಗೆ ಅಲ್ಲಿನ ಜಿಲ್ಲಾಸ್ಪತ್ರೆ. ಅಲ್ಲಿ ಆಗಲ್ಲ ಅಂದ್ರೆ ರೆಫರಲ್ ಪತ್ರ ಕೊಡ್ತಾರೆ, ಅದನ್ನ ಹಿಡ್ಕೊಂಡು ನೋಂದಾಯಿತ ಆಸ್ಪತ್ರೆಗೆ. ಈ ಯೋಜನೆಗೆ ಸಹಾಯ ಮಾಡೋಕೆ ಕೂತಿರೋ ಆರೋಗ್ಯಮಿತ್ರರ ಕೌಂಟರ್ ಎಲ್ಲಿದೆ ಅಂತ ಮೊದಲು ಹುಡುಕಿ.

ಎರಡೂ ಮಂಡಿ ಒಟ್ಟಿಗೆ ಮಾಡಿಸಿದ್ರೆ ರೂಮು, ಅರಿವಳಿಕೆ ಉಳಿಯುತ್ತೆ, ಆದ್ರೆ ಹೃದಯ ಶ್ವಾಸಕೋಶ ಗಟ್ಟಿ ಇದ್ದೋರಿಗೆ ಮಾತ್ರ. ಆಪರೇಷನ್‌ಗೆ ರೋಬೋಟ್ ಬಳಸಿದ್ರೆ ಅದು ಅಳತೆ ಚೆನ್ನಾಗಿ ಹಿಡಿಯುತ್ತೆ, ಆದ್ರೆ ಆಮೇಲೆ ನೋವು ಕಮ್ಮಿ, ನಡಿಗೆ ಚೆಂದ ಅನ್ನೋದಕ್ಕೆ ಗಟ್ಟಿ ಆಧಾರ ಇನ್ನೂ ಸಿಕ್ಕಿಲ್ಲ. ದುಡ್ಡು ಕಮ್ಮಿ ಇದ್ರೆ ನಾನಾಗಿದ್ರೆ ರೋಬೋಟ್ ಬಿಡ್ತಿದ್ದೆ. ತೂತು ಹಾಕಿ ಮಂಡಿ "ತೊಳೆಯೋ" ಆಪರೇಷನ್ ಸವೆತಕ್ಕೆ ಬೇಡವೇ ಬೇಡ. 2002ರಲ್ಲಿ ಅಮೆರಿಕದಲ್ಲಿ 180 ಜನರ ಮೇಲೆ ಪರೀಕ್ಷೆ ಮಾಡಿದ್ರು, ಕೆಲವರಿಗೆ ಸುಮ್ನೆ ಚರ್ಮ ಕುಯ್ದು ಹೊಲಿಗೆ ಹಾಕಿ ಕಳಿಸಿದ್ರು. ಅವರಿಗೂ ಅಷ್ಟೇ ಗುಣ ಕಾಣ್ತು! ಇನ್ನೂ ಆಪರೇಷನ್ ಹಂತಕ್ಕೆ ಹೋಗದೇ ಇರೋರು ತೂಕ ಇಳಿಸಿ. ಒಂದು ಕೆಜಿ ಇಳಿದ್ರೆ ಪ್ರತಿ ಹೆಜ್ಜೆಗೂ ಮಂಡಿ ಮೇಲಿಂದ ಸುಮಾರು ನಾಲ್ಕು ಕೆಜಿ ಭಾರ ಇಳಿಯುತ್ತೆ.

ಕೊನೇದು ಫಿಸಿಯೋಥೆರಪಿ. ನಮ್ಮ ಬಿಲ್‌ನಲ್ಲಿ ಅತಿ ಅಗ್ಗದ ಸಾಲು ಅದೇ ಆಗಿತ್ತು, ದೊಡ್ಡಮ್ಮ ಉಳಿಸೋಕೆ ಹೋಗಿದ್ದೂ ಅದನ್ನೇ. ಮನೆಗೆ ಬರ್ತಿದ್ದ ಫಿಸಿಯೋ ಹುಡುಗ ಮಂಡಿ ಮಡಚಿಸಿದಾಗ ನೋವಾಗುತ್ತೆ ಅಂತ ನಾಲ್ಕನೇ ದಿನ ಅವನಿಗೆ ಮಂಡಕ್ಕಿ ಮಿರ್ಚಿ ತಿನ್ನಿಸಿ, "ನಾಳೆಯಿಂದ ಬರಬ್ಯಾಡ, ನಾನೇ ಮಾಡ್ಕ್ಯಂತೀನಿ" ಅಂತ ಕಳಿಸಿಬಿಟ್ರು. ಮಾಡ್ಕೊಂಡ್ರಾ? ಇಲ್ಲ. ಮೂರು ವಾರಕ್ಕೆ ಮಂಡಿ ಬಿಗಿದು ಕುರ್ಚಿಯಿಂದ ಏಳೋದೇ ಕಷ್ಟ ಆಯ್ತು. ಅಣ್ಣ ಆ ಹುಡುಗನ ಕೈಕಾಲು ಹಿಡಿದು ವಾಪಸ್ ಕರ್ಕೊಂಡು ಬಂದ. ಈಗ ದಿನಾ ಬೆಳಗ್ಗೆ ಏಳು ಗಂಟೆಗೆ ಬರ್ತಾನೆ. ಮಿರ್ಚಿ ಬಂದ್.